ನೀರಗಂಟಿ ಕಲ್ಲೇಶಪ್ಪ ಕಡಲು ನೋಡಿದ್ದು

ಅಜ್ಜಂಪುರದಿಂದ ಶಿವನಿ ಕಡೆಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ಒಂದು ಊರು ಸಿಗುತ್ತದೆ. ಆ ಊರಿನ ಕೆರೆಗೆ ಕಲ್ಲೇಶಪ್ಪ ನೀರಗಂಟಿ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವತ್ತು ನೀರು ಅಂತ ತೀರ್ಮಾನ ಮಾಡುವುದು ಅವನ ಕೆಲಸ. ಹೇಳಿಕೊಳ್ಳುವಂಥ ಸಂಬಳವೇನೂ ಇಲ್ಲ, ಗತ್ತಿಗೆ ಮಾತ್ರ ಕಮ್ಮಿಯಿಲ್ಲ. ಅವನಿಗೂ ಒಂದಿಷ್ಟು ಬೆದ್ದಲು, ಮನೆ ಹಿಂದೆ ತೆಂಗಿನ ತೋಟ ಇವೆ. ಅವನ್ನು ಹೆಂಡತಿ ಮೀನಾಕ್ಷಮ್ಮ ನೋಡಿಕೊಳ್ಳುತ್ತಾಳೆ. ಇವನು ಕೆರೆಯೊಂದನ್ನು ನೋಡಿಕೊಳ್ಳುತ್ತಾನೆ, ಅಷ್ಟೇ.

ಏರಿಯ ಮೇಲೆ ನಿಂತು, ಹೆಗಲ ಟವೆಲ್ಲು ಕೊಡವಿ, ನೀರಿನ ಕಡೆ ಒಂದು ಸಲ ಕಣ್ಣು ಹಾಯಿಸಿ, "ಈ ಸಲ ಕೋಡಿ ಬೀಳಲ್ಲ" ಅಂತ ಅವನು ಹೇಳಿದರೆ ಬೀಳುವುದಿಲ್ಲ. "ಭತ್ತ ಹಾಕ್ಬೇಡಿ, ನೀರು ಸಾಲಲ್ಲ" ಅಂದರೆ ಸಾಲುವುದಿಲ್ಲ. ಅವನ ಮಾತು ಸುಳ್ಳಾದದ್ದು ಊರಿನಲ್ಲಿ ಯಾರಿಗೂ ನೆನಪಿಲ್ಲ. ಅವನನ್ನು ಕೆಡಿಸಿದ್ದೂ ಅದೇ ಅಂತ ನನ್ನ ಅನಿಸಿಕೆ. ಒಂದು ಮಾತು ಬಾಯಿಂದ ಬಿತ್ತೆಂದರೆ ಅದನ್ನು ವಾಪಸ್ ತೆಗೆದುಕೊಳ್ಳುವ ಅಭ್ಯಾಸವೇ ಅವನಿಗೆ ಹೋಗಿಬಿಟ್ಟಿತ್ತು. ಮನೆಯಲ್ಲೂ ಅದೇ ಕಥೆ. ಮೀನಾಕ್ಷಮ್ಮನಿಗೆ ಮಂಡಿನೋವು ಶುರುವಾದಾಗ, "ಎದ್ದು ಓಡಾಡು, ಕೂತಷ್ಟೂ ಮಂಡಿ ಹಿಡ್ಕಳುತ್ತೆ" ಅಂದ. ಅವಳು ಓಡಾಡಿದಳು. ನೋವು ಹೋಗಲಿಲ್ಲ. ಹೋಗಲಿಲ್ಲ ಅಂತ ಅವಳು ಹೇಳಲೂ ಇಲ್ಲ, ಹೇಳಿದ್ದರೆ ಮತ್ತೊಮ್ಮೆ ಓಡಾಡು ಅನ್ನುತ್ತಿದ್ದ.

ಕಳೆದ ಮಾಘದಲ್ಲಿ ಊರಿನ ಹೆಂಗಸರ ಸಂಘದವರು ಪ್ರವಾಸ ಹೊರಟರು. ತರೀಕೆರೆಯಲ್ಲಿ ಅಡಿಕೆ ಅಂಗಡಿ ಇಟ್ಟುಕೊಂಡಿರುವ ನಾಗೇಶ ಕಲ್ಲೇಶಪ್ಪನ ಊರಿನವನೇ. ಮಿನಿಬಸ್ಸು ಮಾತಾಡಿ ಕೊಟ್ಟು, ತಾನೂ ಜೊತೆಗೆ ಹೊರಟ. ಸಂಘದ ಅಧ್ಯಕ್ಷೆ ಅಂಬಮ್ಮ. ಅವಳು ಬಾಯಿ ಬಿಟ್ಟರೆ ಬಸ್ಸು ಪೂರ್ತಿ ನಗಬೇಕು, ಅಂಥ ಬಾಯಿ. ಗಂಡಂದಿರು ಬೇಕಾದರೆ ಬರಬಹುದು ಅಂದಾಗ ಬಂದ ನಾಲ್ಕಾರು ಜನರಲ್ಲಿ ಕಲ್ಲೇಶಪ್ಪನೂ ಒಬ್ಬ. ಮೀನಾಕ್ಷಮ್ಮನಿಗೆ ದೇವಸ್ಥಾನಗಳ ಮೇಲೆ ಅಂಥ ಆಸೆಯೇನೂ ಇರಲಿಲ್ಲ. ಅವಳಿಗೆ ಸಮುದ್ರ ನೋಡಬೇಕಿತ್ತು. ಮದುವೆಯಾದ ಹೊಸದರಲ್ಲಿ ಒಂದು ಸಲ ಕೇಳಿದ್ದಳು. ಆಗ ಇವನು, "ನೀರು ತಾನೆ, ನಮ್ಮ ಕೆರೇಲಿ ಇಲ್ಲದ್ದು ಅಲ್ಲೇನೈತೆ" ಅಂದಿದ್ದ.

ದೇವರುಗಳೆಲ್ಲ ಮುಗಿದ ಮೇಲೆ, ಕೊನೆಯ ದಿನ ಬೆಳಿಗ್ಗೆ, ಬಸ್ಸು ಕರಾವಳಿಯ ಒಂದು ಸಣ್ಣ ಬಂದರು ಪಟ್ಟಣಕ್ಕೆ ಬಂತು. ಅಲ್ಲಿ ನೀರಿನೊಳಕ್ಕೆ ಉದ್ದಕ್ಕೆ ಚಾಚಿದ ಒಂದು ಕಲ್ಲಿನ ಕಟ್ಟೆ ಇದೆ. ಹಿಂದೆ ಅಲ್ಲಿಂದ ಹಡಗುಗಳಿಗೆ ಹೆಂಚು, ಅಕ್ಕಿ ತುಂಬುತ್ತಿದ್ದರಂತೆ. ಈಗ ಕಂಬಿ ಹಾಕಿಸಿ, ಬೆಂಚು ಇಡಿಸಿ, ಜನ ಗಾಳಿ ತಿನ್ನಲು ಬಿಟ್ಟಿದ್ದಾರೆ. ಬಾಗಿಲಲ್ಲಿ 'ಹಳೇ ಧಕ್ಕೆ' ಅಂತ ಬೋರ್ಡು.

"ಏನೋ ನಾಗೇಶ, ಯಾರಿಗೆ ಧಕ್ಕೆ ಆಗಿದ್ದು ಇಲ್ಲಿ?" ಅಂದಳು ಅಂಬಮ್ಮ.

"ದೋಣಿ ನಿಲ್ಲಿಸೋ ಜಾಗಕ್ಕೆ ಈ ಕಡೆ ಹಂಗಂತಾರಂತೆ ಕಣಕ್ಕ," ಅಂದ ನಾಗೇಶ.

ಕಲ್ಲೇಶಪ್ಪ ಕಟ್ಟೆಯ ಮೇಲೆ ನಾಲ್ಕು ಹೆಜ್ಜೆ ಇಟ್ಟವನು ಕಡಲನ್ನು ನೋಡಿ ನಿಂತುಬಿಟ್ಟ. ಆಚೆ ದಡ ಇರಲಿಲ್ಲ. ಹುಟ್ಟಿದಾಗಿನಿಂದ ಅವನು ನೋಡಿದ ನೀರಿಗೆಲ್ಲ ಒಂದು ಆಚೆ ದಡ ಇತ್ತು. ಅಲ್ಲೊಂದು ಈಚಲು ಮರವೋ, ಎಮ್ಮೆ ತೊಳೆಯುವ ಮನುಷ್ಯನೋ ಇರುತ್ತಿದ್ದರು. ಹೆದರಿಕೆಯಾಯಿತು ಅಂತ ಒಪ್ಪಿಕೊಳ್ಳುವ ಪೈಕಿಯಲ್ಲ ಅವನು. ಟವೆಲ್ಲು ಕೊಡವಿ, "ಪರವಾಗಿಲ್ಲ, ದೊಡ್ಡದೇ ಐತೆ" ಅಂದ, ಯಾರೋ ತಪಾಸಣೆಗೆ ಕಳಿಸಿದ್ದಾರೆ ಅನ್ನುವ ಹಾಗೆ.

ಮೀನಾಕ್ಷಮ್ಮ ಬಹಳ ಹೊತ್ತು ನೋಡಿ, ಆಮೇಲೆ ಮೆಲ್ಲಗೆ, "ಒಂದ್ಸಲ ಮುಟ್ಬೇಕು ಕಣ್ರೀ" ಅಂದಳು.

ಕಟ್ಟೆಯ ಪಕ್ಕದಲ್ಲಿ ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳಿದ್ದವು. ಕೆಳಗಿನ ಮೆಟ್ಟಿಲುಗಳ ಮೇಲೆಲ್ಲ ಹಸಿರು ಪಾಚಿ, ಕಲ್ಲಿಗೆ ಕಚ್ಚಿಕೊಂಡ ಸಣ್ಣ ಚಿಪ್ಪುಗಳು. ನೀರು ಅದಕ್ಕೂ ಕೆಳಗೆ ಇತ್ತು. ನಾಗೇಶ ಒಂದು ಕಡೆ, ಕಲ್ಲೇಶಪ್ಪ ಒಂದು ಕಡೆ ಹಿಡಿದು ಮೀನಾಕ್ಷಮ್ಮನನ್ನು ಇಳಿಸಿದರು. ಪಾಚಿ ಸ್ವಲ್ಪ ಒಣಗಿದ್ದ ಒಂದು ಮೆಟ್ಟಿಲ ಮೇಲೆ ಅವಳನ್ನು ಕೂರಿಸಿದರು. ಕಾಲು ಚಾಚಿದರೆ ಅಲೆ ಬಂದು ಪಾದ ತೋಯಿಸುತ್ತಿತ್ತು. ಅವಳು ಬೊಗಸೆಯಲ್ಲಿ ನೀರೆತ್ತಿ ತಲೆಗೆ ಹಾಕಿಕೊಂಡಳು, ನಾಲಿಗೆಗೆ ತಗುಲಿಸಿ ನೋಡಿದಳು, ಸಣ್ಣ ಹುಡುಗಿಯ ಹಾಗೆ ಮುಖ ಕಿವುಚಿ ನಕ್ಕಳು.

"ಇಲ್ಲೇ ಕೂತಿರ್ತೀನಿ. ನೀವು ನೋಡ್ಕಂಡು ಬನ್ನಿ," ಅಂದಳು.

ಮೇಲಿನಿಂದ ಅಂಬಮ್ಮ ಬಗ್ಗಿ ಹೇಳಿದಳು. "ಕಲ್ಲೇಶಪ್ಪ, ನೀರು ಮ್ಯಾಲಕ್ಕೆ ಬಂದ್ಗಿಂದಾತು. ಪಾಚಿ ಐತಲ್ಲ ಅಲ್ಲೆಲ್ಲ."

ಇದನ್ನೇ ಕಾಯುತ್ತಿದ್ದವನ ಹಾಗೆ ಕಲ್ಲೇಶಪ್ಪ ಎದೆ ಮುಂದೆ ಮಾಡಿ ನಿಂತ. ಪಾಚಿಯನ್ನು ಉಗುರಿನಲ್ಲಿ ಕೆರೆದು ಎಲ್ಲರಿಗೂ ತೋರಿಸಿದ. "ಇದು ಹೋದ ಮಳೆಗಾಲದ ಗುರುತು. ಅವಾಗ ಇಲ್ಲಿಗಂಟ ನಿಂತಿತ್ತು ನೀರು. ಈಗ ಮಾಘ. ಇನ್ನು ಇಳಿಯೋದೇ ಹೊರ್ತು ಏರಲ್ಲ. ಇವಳು ಇಲ್ಲಿ ಆಷಾಢದ ತನಕ ಕೂತ್ರೂ ಸೆರಗು ನೆನೆಯಲ್ಲ."

ಎಲ್ಲರೂ ನಕ್ಕರು. ಕೆರೆಯ ಲೆಕ್ಕದಲ್ಲಿ ಅವನು ಹೇಳಿದ್ದು ಅಕ್ಷರಶಃ ನಿಜ. ಆದರೆ ಅದು ಕೆರೆಯಾಗಿರಲಿಲ್ಲ.

ಮೆಟ್ಟಿಲ ಮೇಲ್ತುದಿಯಲ್ಲಿ ನೆರಳಿಗೆ ಕೂತು ಒಬ್ಬ ಮನುಷ್ಯ ಬಲೆ ಹೆಣೆಯುತ್ತಿದ್ದ. ಕಲ್ಲೇಶಪ್ಪ ಮೇಲೆ ಬಂದಾಗ ಅವನು ತಲೆಯೆತ್ತಿ, "ಅಮ್ಮನನ್ನು ಅಲ್ಲಿ ಕೂರಿಸ್ಬೇಡಿ ಮಾರಾಯ್ರೆ. ಭರತ ಬರ್ತಾ ಉಂಟು," ಅಂದ.

ಕಲ್ಲೇಶಪ್ಪ ಸುತ್ತಮುತ್ತ ನೋಡಿದ. ಯಾವ ಭರತನೂ ಕಾಣಲಿಲ್ಲ. ಈ ಧಕ್ಕೆಗೆ ಒಬ್ಬ ವಾಚ್‌ಮನ್ ಇರಬೇಕು, ಅವನ ಹೆಸರು ಭರತ ಇರಬೇಕು, ಕೆಳಗೆ ಕೂತವರನ್ನು ಬೈದು ಎಬ್ಬಿಸುತ್ತಾನೇನೋ ಅಂದುಕೊಂಡ. ಮನುಷ್ಯನನ್ನು ಹಿಡಿದು 'ಉಂಟು' ಅನ್ನುತ್ತಾನಲ್ಲ ಅಂತ ಅನಿಸದೆ ಇರಲಿಲ್ಲ. ಆದರೆ ಈ ಕಡೆಯವರ ಕನ್ನಡವೇ ಹಾಗೆ ಅಂತ ಅದನ್ನೂ ಅವನೇ ತೀರ್ಮಾನಿಸಿದ.

"ಬಂದ್ರೆ ಬರ್ಲಿ ಬಿಡ್ರಿ. ನಾನು ಮಾತಾಡ್ತೀನಿ."

ಬಲೆಯವನು ಸ್ವಲ್ಪ ಗಲಿಬಿಲಿಗೊಂಡ. "ಅಮಾಸೆ ಹತ್ರ ಅಲ್ವಾ. ಭರತ ಜೋರು."

"ಎಂಥೆಂಥವ್ರನ್ನೋ ನೋಡಿದೀನಿ," ಅಂದ ಕಲ್ಲೇಶಪ್ಪ. ಅಮಾವಾಸ್ಯೆ ಹತ್ತಿರ ಬಂದರೆ ಕೆಲವರಿಗೆ ತಲೆ ಕೆಡುವುದು ಅವನಿಗೆ ಗೊತ್ತಿದ್ದ ವಿಷಯವೇ. "ನಾನು ನೋಡ್ಕತೀನಿ, ನೀವು ನಿಮ್ಮ ಕೆಲಸ ಮಾಡಿ."

ನೋಡಿಕೊಳ್ಳುತ್ತೇನೆ ಅಂದ ಮೇಲೆ ಪರಸ್ಥಳದವನ ಹತ್ತಿರ ಎಷ್ಟು ಹೇಳುವುದು? ಅವನು ಮೆಟ್ಟಿಲಿಗೆ ಬೆನ್ನು ಹಾಕಿ ಮತ್ತೆ ಬಲೆಗೆ ಬಗ್ಗಿದ.

ಕಟ್ಟೆಯ ತುದಿಗೆ ಎಲ್ಲರೂ ಹೋದರು. ಅಲ್ಲಿ ಗಾಳಿ ಚೆನ್ನಾಗಿತ್ತು, ದೂರದಲ್ಲಿ ಮೀನಿನ ದೋಣಿಗಳು ಬರುತ್ತಿದ್ದವು. ಹೆಂಗಸರು ಮೀನಿನ ವಾಸನೆಗೆ ಮೂಗಿಗೆ ಸೆರಗು ಹಿಡಿದುಕೊಂಡೇ ಫೋಟೋ ತೆಗೆಸಿಕೊಂಡರು. ಯಾರೋ ಒಬ್ಬರು, "ಈ ನೀರೆಲ್ಲ ಎಲ್ಲಿಗೆ ಹೋಗುತ್ತೆ ಕಲ್ಲೇಶಪ್ಪ?" ಅಂತ ಕೇಳಿದರು. ತಗೋ, ಅಷ್ಟು ಸಾಕಾಯಿತು. ಅವನು ಕಂಬಿಗೆ ಒರಗಿ, ಕೆರೆಗೂ ಕಡಲಿಗೂ ಇರುವ ನಂಟನ್ನು ಬಿಡಿಸಿ ಹೇಳತೊಡಗಿದ. ಎಲ್ಲ ನೀರಿಗೂ ಒಂದು ತೂಬು ಇರುತ್ತದೆ, ಇದಕ್ಕೂ ಎಲ್ಲೋ ಇರಲೇಬೇಕು ಅಂದ. ಜನ ಬಾಯಿ ತೆರೆದು ಕೇಳುತ್ತಿದ್ದರು. ಅವನಿಗೆ ಅಷ್ಟು ಹಿಗ್ಗು ಯಾವತ್ತೂ ಆಗಿರಲಿಲ್ಲ.

ಆಗ ಮೀನಾಕ್ಷಮ್ಮ ಕರೆದಳು. "ಏನ್ರೀ, ಇಲ್ನೋಡಿ."

ಅವನಿಗೆ ಕೇಳಿಸಿತು. ತಿರುಗಿಯೂ ನೋಡಿದ. ಅವಳ ಕೈ ಮೇಲಿತ್ತು. ಅವಳ ಕಾಲಿನ ಕೆಳಗಿದ್ದ ಮೆಟ್ಟಿಲು ಕಾಣುತ್ತಿರಲಿಲ್ಲ. ಅದನ್ನೂ ಅವನು ನೋಡಿದ. ನೀರಿನ ಜೊತೆ ಅರ್ಧ ಆಯುಸ್ಸು ಕಳೆದವನ ಕಣ್ಣು, ನೀರು ಏರಿದ್ದನ್ನು ಹಿಡಿಯದೆ ಇರುತ್ತದೆಯೇ? ಆದರೆ ಈಗ ಓಡಿದರೆ ಈ ಜನರೆಲ್ಲ ಹಿಂದೆಯೇ ಬರುತ್ತಾರೆ, ಆಷಾಢದ ತನಕ ಅಂದದ್ದು ಎಲ್ಲಿ ಹೋಯಿತು ಅನ್ನುತ್ತಾರೆ. ಅಲೆ ಇರಬೇಕು, ಈಗ ಇಳಿಯುತ್ತದೆ, ಅಂದುಕೊಂಡ. ಕೂತಿರು ಅಂತ ಕೈ ಬೀಸಿದ.

"ಅಕ್ಕ ಕರೀತೈತಲ್ಲ," ಅಂದ ನಾಗೇಶ.

"ಅವಳಿಗೆ ನೀರು ಕಂಡ್ರೆ ಹೆದ್ರಿಕೆ," ಅಂದು ಕಲ್ಲೇಶಪ್ಪ ಮಾತು ಮುಂದುವರಿಸಿದ.

ಮತ್ತೆ ಕರೆದಳು. ಅವನು ಮತ್ತೆ ಕೈ ಬೀಸಿದ, ಈ ಸಲ ತಿರುಗದೆಯೇ. ಆಮೇಲೂ ಕರೆದಳು. ಅವನು ದನಿ ಏರಿಸಿ ಮಾತಾಡಿದ. ಆಮೇಲೆ ಕರೆ ನಿಂತಿತು. ಸದ್ಯ, ನೀರು ಇಳಿಯಿತು, ಅಂತ ಅವನಿಗೆ ಸಮಾಧಾನವಾಯಿತು.

ಸ್ವಲ್ಪ ಹೊತ್ತಿಗೆ ಧಕ್ಕೆಯ ಬುಡದಲ್ಲಿ ಗಲಾಟೆ ಎದ್ದಿತು. ಎಲ್ಲರೂ ಓಡಿದರು, ಎಲ್ಲರಿಗಿಂತ ಮುಂದೆ ಕಲ್ಲೇಶಪ್ಪ. ಬಲೆಯವನು ಸೊಂಟದವರೆಗೆ ನೀರಿನಲ್ಲಿ ನಿಂತು, ಮೀನಾಕ್ಷಮ್ಮನನ್ನು ಕಂಕುಳಿಗೆ ಕೈ ಕೊಟ್ಟು ಎತ್ತಿ, ಒಂದೊಂದೇ ಮೆಟ್ಟಿಲು ಹತ್ತಿಸುತ್ತಿದ್ದ. ಅವಳು ಕೂತಿದ್ದ ಮೆಟ್ಟಿಲು ಎಲ್ಲಿತ್ತು ಅಂತಲೇ ತಿಳಿಯುತ್ತಿರಲಿಲ್ಲ. ಅವಳ ಸೀರೆ ಎದೆಯವರೆಗೆ ಒದ್ದೆ. ಚಪ್ಪಲಿ, ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲ ಎಲ್ಲ ಹೋಗಿದ್ದವು.

ಬಲೆಯವನು ಅವಳನ್ನು ಬೆಂಚಿನ ಮೇಲೆ ಕೂರಿಸಿ, ಏದುಸಿರು ಬಿಡುತ್ತ ಕಲ್ಲೇಶಪ್ಪನ ಕಡೆ ತಿರುಗಿದ. "ಹೇಳಿದ್ನಲ್ಲ ನಾನು, ಭರತ ಬರ್ತಾ ಉಂಟು ಅಂತ."

"ಯಾವ ಭರತ? ಯಾರೂ ಬರ್ಲಿಲ್ಲವಲ್ಲ," ಅಂದ ಕಲ್ಲೇಶಪ್ಪ.

ಬಲೆಯವನು ಅವನನ್ನೇ ನೋಡಿದ. ಆಮೇಲೆ ಕೈ ಚಾಚಿ ನೀರನ್ನು ತೋರಿಸಿದ. "ಇದೇ ಭರತ. ಸಮುದ್ರ ಏರೋದು. ದಿನಾ ಏರ್ತದೆ, ದಿನಾ ಇಳೀತದೆ."

ಸುತ್ತ ಸೇರಿದ್ದ ಆ ಊರಿನವರು ಕಿಸಕ್ಕನೆ ನಕ್ಕರು. ಕೆಟ್ಟ ಬುದ್ಧಿಯಿಂದ ನಕ್ಕದ್ದಲ್ಲ, ಆದರೂ ನಗು ನಗುವೇ. ನಾಗೇಶನಿಗೂ ತಡೆಯಲಾಗಲಿಲ್ಲ. ಕಲ್ಲೇಶಪ್ಪನ ಮುಖಕ್ಕೆ ರಕ್ತ ನುಗ್ಗಿತು. ನೀರಗಂಟಿಗೆ ನೀರಿನ ಹೆಸರು ಗೊತ್ತಿಲ್ಲ. ಇಡೀ ಊರೇ ಅಲ್ಲಿತ್ತು. ಆ ಕ್ಷಣಕ್ಕೆ ಏನಾದರೂ ಮಾಡಿ ಆ ಕಣ್ಣುಗಳನ್ನು ತನ್ನ ಮೇಲಿಂದ ಬೇರೆ ಕಡೆಗೆ ತಿರುಗಿಸಬೇಕಿತ್ತು.

"ಎದ್ದು ಬರೋಕೇನಾಗಿತ್ತೇ ನಿಂಗೆ?" ಅಂತ ಹೆಂಡತಿಯ ಮೇಲೆ ಹರಿಹಾಯ್ದ. "ಎಮ್ಮೆ ಕೂತಂಗೆ ನೀರಲ್ಲಿ ಕೂತಿದ್ದೀಯಲ್ಲ. ಬಾಯಿರ್ಲಿಲ್ವ?"

ಮೀನಾಕ್ಷಮ್ಮ ತಲೆಯೆತ್ತಿ ಅವನ ಮುಖ ನೋಡಿದಳು. ಅವನು ಕೇಳಿಸಿಕೊಂಡೂ ಬರಲಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಅವಳಿಗೆ ಅದು ಗೊತ್ತಿದೆ ಅಂತ ಅವನಿಗೂ ಗೊತ್ತಿತ್ತು. ಅವನ ಮಾನ ಹೋಗಲು ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು.

"ತಂಪು ಗಾಳಿಗೆ ನಿದ್ದೆ ಬಂದ್ಬಿಟ್ಟಿತ್ತು ಕಣ್ರೀ," ಅಂದಳು. "ನಂದೇ ತಪ್ಪು."

ಅಲ್ಲಿಗೆ ಎಲ್ಲ ಸಲೀಸಾಯಿತು. ಅವಳು ಕರೆದದ್ದನ್ನು ಕೇಳಿದ್ದ ನಾಗೇಶನೂ, ಆಮೇಲೆ ನಿದ್ದೆ ಹತ್ತಿರಬೇಕು ಅಂದುಕೊಂಡ. ಕಲ್ಲೇಶಪ್ಪನ ಭರತ ಮರೆತುಹೋಯಿತು, ಮೀನಾಕ್ಷಮ್ಮನ ನಿದ್ದೆ ಉಳಿಯಿತು. ಬಸ್ಸು ಹೊರಟ ಮೇಲೆ ಅಂಬಮ್ಮ ಶುರು ಮಾಡಿದಳು. "ಮೀನಾಕ್ಷಿ ಅಂತ ಹೆಸರಿಟ್ಟೋರು ಸುಮ್ನೆ ಇಟ್ರಾ? ಮೀನುಗಳ ಜತೆ ಒಂದು ನಿದ್ದೆ ತೆಗೆದು ಬಂದ್ಲು ನೋಡಿ." ಘಟ್ಟ ಹತ್ತುವವರೆಗೂ ಅದೇ. ಮಲಗಿದವಳನ್ನು ಎಬ್ಬಿಸಲು ಸಮುದ್ರವೇ ಮನೆ ಬಾಗಿಲಿಗೆ ಬಂತಂತೆ. ಇನ್ನು ಮೇಲೆ ಇವಳಿಗೆ ಹಾಸಿಗೆ ಯಾಕೆ, ಕೆರೆಯಲ್ಲೇ ಹಾಸಿಬಿಡಿ ಅಂತೆ. ಮೀನಾಕ್ಷಮ್ಮ ಕಿಟಕಿಯ ಕಡೆ ಮುಖ ಮಾಡಿ, ನಗಬೇಕಾದಲ್ಲೆಲ್ಲ ನಗುತ್ತಿದ್ದಳು. ಪಕ್ಕದಲ್ಲಿ ಕೂತ ಕಲ್ಲೇಶಪ್ಪನೂ ಒಂದೆರಡು ಸಲ ನಕ್ಕ. ನಗದೆ ಇದ್ದರೆ ಎಲ್ಲಿ ಅನುಮಾನ ಬರುತ್ತದೋ ಅಂತ ನಕ್ಕ. ನಕ್ಕ ಮೇಲೆ ತನ್ನ ಬಾಯಿಯ ಬಗ್ಗೆ ತನಗೇ ಹೇಸಿಗೆಯಾಯಿತು. ಸಾಯುವ ಹಾಗಿದ್ದ ಹೆಂಡತಿಯನ್ನು ಎತ್ತಿಕೊಂಡು ಬಂದವನು ಬೇರೆಯವನು. ತಾನು ಮಾಡಿದ್ದು ಅವಳಿಗೆ ಎಮ್ಮೆ ಅಂದದ್ದು. ಅವಳ ಒದ್ದೆ ಸೀರೆಯ ಉಪ್ಪಿನ ವಾಸನೆ ಮೂಗಿಗೆ ಹೊಡೆದಾಗಲೆಲ್ಲ ಅವನು ಸೀಟಿನಲ್ಲಿ ಒಂದಿಷ್ಟು ಕುಗ್ಗುತ್ತಿದ್ದ.

ದೀಪ ಹಚ್ಚುವ ಹೊತ್ತಿಗೆ ಬಸ್ಸು ತರೀಕೆರೆ ಮುಟ್ಟಿತು. ಬಸ್‌ಸ್ಟ್ಯಾಂಡಿನ ಎದುರು ಕಾಫಿಗೆ ನಿಲ್ಲಿಸಿದರು. ಅದು ನಾಗೇಶನ ಸಾಮ್ರಾಜ್ಯ. ಇಳಿದ ಕೂಡಲೇ ಅಂಗಡಿಯವರು, ಹಮಾಲರು, ಅಜ್ಜಂಪುರದ ಕಡೆಯ ಬಸ್ಸಿಗೆ ಕಾಯುತ್ತಿದ್ದ ಪರಿಚಯದವರು ಸುತ್ತ ಸೇರಿಕೊಂಡರು. ಹೆಂಗಿತ್ತು ಟೂರು ಅಂದರು. ಇಲ್ಲಿ ಹೇಳಿದ ಮಾತು ಸಂತೆಯ ದಿನದ ಹೊತ್ತಿಗೆ ಅಜ್ಜಂಪುರದಲ್ಲೆಲ್ಲ ಇರುತ್ತದೆ ಅನ್ನುವುದು ಕಲ್ಲೇಶಪ್ಪನಿಗೆ ಚೆನ್ನಾಗಿ ಗೊತ್ತು.

ಮೀನಾಕ್ಷಮ್ಮ ಇನ್ನೂ ಆರದ ಒಳಲಂಗ ಬದಲಿಸಲು ಹೋಟೆಲಿನ ಹಿಂದಕ್ಕೆ ಹೋಗಿದ್ದಳು, ಜೊತೆಗೆ ಅಂಬಮ್ಮ. ವಾಪಸ್ ಬಂದಾಗ ಅಂಬಮ್ಮನ ಮುಖದಲ್ಲಿ ನಗು ಇರಲಿಲ್ಲ. ಕಲ್ಲೇಶಪ್ಪನನ್ನು ಪಕ್ಕಕ್ಕೆ ಕರೆದಳು.

"ಏನಪ್ಪಾ, ಇವಳ ಮಂಡಿ ನೋಡಿದೀಯ? ಕುಂಬಳಕಾಯಿ ಥರ ಊದೈತೆ. ಕೂತ್ರೆ ಯಾರಾದ್ರೂ ಎತ್ತಬೇಕಂತೆ. ಮನೇಲಿ ಹಗ್ಗ ಕಟ್ಕಂಡವಳಂತೆ, ಅದನ್ನ ಹಿಡ್ಕಂಡು ಏಳ್ತಾಳಂತೆ."

ಕಲ್ಲೇಶಪ್ಪ ಆ ಹಗ್ಗವನ್ನು ನೋಡಿದ್ದ. ಅಡುಗೆಮನೆಯ ತೊಲೆಯಿಂದ ಇಳಿಬಿದ್ದಿತ್ತು. ಬಾಳೆಗೊನೆ ನೇತುಹಾಕಲು ಇರಬೇಕು ಅಂದುಕೊಂಡಿದ್ದ. ಕೇಳಿರಲಿಲ್ಲ. ಎದ್ದು ಬರೋಕೇನಾಗಿತ್ತೇ ಅಂತ ನಾಲ್ಕು ಜನರ ಮುಂದೆ ಕೇಳಿದವನು ಅವನೇ.

ಅತ್ತ ಕಾಫಿ ಅಂಗಡಿಯ ಮುಂದೆ ನಾಗೇಶ ಕಥೆಗೆ ಇಳಿದಿದ್ದ. "ನಮ್ಮೂರ ಮೀನಾಕ್ಷಕ್ಕ ಸಮುದ್ರದಲ್ಲಿ ನಿದ್ದೆ ಹೊಡ್ದಿದ್ದು ಕೇಳಿ," ಅಂತಿದ್ದ. ಜನ ಆಗಲೇ ನಗಲು ಸಿದ್ಧರಾಗಿದ್ದರು.

ಕಲ್ಲೇಶಪ್ಪ ಹೋಗಿ ನಡುವೆ ನಿಂತ. ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಮುದುರಿ ಹಿಡಿದುಕೊಂಡ.

"ಅವಳು ನಿದ್ದೆ ಮಾಡ್ಲಿಲ್ಲ ಕಣೋ," ಅಂದ. "ಎಚ್ಚರಾಗೇ ಇದ್ಲು. ನೀರು ಏರಲ್ಲ ಅಂತ ಕೂರ್ಸಿದ್ದು ನಾನು. ಆ ಬಲೆಯೋನು ಬ್ಯಾಡ ಅಂದ, ನಾನು ಕೇಳ್ಲಿಲ್ಲ. ಅವಳು ನನ್ನ ಕರೆದ್ಲು. ಒಂದು ಸಲ ಅಲ್ಲ. ನಂಗೆ ಕೇಳಿಸ್ತು. ನೀರು ಮೇಲೆ ಬಂದಿದ್ದೂ ಕಾಣಿಸ್ತು. ಹೋದ್ರೆ ನೀವೆಲ್ಲ ನಗ್ತೀರಿ ಅಂತ ಹೋಗ್ಲಿಲ್ಲ."

ಯಾರೂ ನಗಲಿಲ್ಲ. ನಾಗೇಶ ಕೈಯಲ್ಲಿದ್ದ ಲೋಟ ನೋಡುತ್ತ ನಿಂತ. ಇದೇನೂ ಗೊತ್ತಿಲ್ಲದ ಗಿರಾಕಿಯೊಬ್ಬ ಬಂದು ಕಾಫಿ ಹೇಳಿದ, ಹೋಟೆಲಿನವನು ಒಳಕ್ಕೆ ಕೂಗಿದ. ಸ್ವಲ್ಪ ಆಚೆ, ಬಸ್ಸಿನ ಕಂಬಿ ಹಿಡಿದು ಮೀನಾಕ್ಷಮ್ಮ ನಿಂತಿದ್ದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಬಸ್ಸು ಮತ್ತೆ ಹೊರಟಿತು. ತರೀಕೆರೆ ಬಿಟ್ಟು ತೆಂಗಿನ ತೋಟಗಳು ಶುರುವಾದ ಮೇಲೆ ಕಲ್ಲೇಶಪ್ಪ ಮೆಲ್ಲಗೆ ಹೆಂಡತಿಯ ಕಡೆ ಬಗ್ಗಿದ. ನಾಚಿಕೆ ಪೂರ್ತಿ ಇಳಿದಿರಲಿಲ್ಲ, ಆದರೆ ಇಷ್ಟನ್ನಾದರೂ ಬಾಯಿಬಿಟ್ಟು ಹೇಳಿದೆನಲ್ಲ ಅಂತ ಮನಸ್ಸು ತುಸು ಹಗುರವಾಗಿತ್ತು. ಅವಳಿಂದ ಒಂದು ಒಳ್ಳೆಯ ಮಾತು ಬೇಕಿತ್ತು ಅವನಿಗೆ. ಸುಳ್ಳು ಯಾಕೆ ಹೇಳಲಿ, ಅದಕ್ಕೇ ಬಗ್ಗಿದ್ದು.

"ಎಲ್ಲ ಹೇಳ್ಬಿಟ್ಟೆ ಕಣೇ," ಅಂದ.

"ಕೇಳಿಸ್ತು." ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಕೋಪದ ದನಿಯಲ್ಲ ಅದು. "ಒಂದು ನಿಮಗೆ ಗೊತ್ತಿಲ್ಲ. ಕೊನೇಲಿ ನಾನು ಕೂಗಿದ್ದು ನಿಮ್ಮನ್ನಲ್ಲ."

"ಮತ್ಯಾರನ್ನ?"

"ಆ ಬಲೆಯವ್ರನ್ನ. ಅಷ್ಟು ಹೊತ್ತೂ ನಿಮ್ಮನ್ನೇ ಕರೀತಾ ಕೂತಿದ್ದೆ, ಬುದ್ಧಿಯಿಲ್ದೆ. ನೀರು ಎದೆಗೆ ಬಂತು. ಆಮೇಲೆ ಅವ್ರನ್ನ ಕರೆದೆ. ಹೆಸರು ಗೊತ್ತಿರ್ಲಿಲ್ಲ, ಅಣ್ಣಾ ಅಂದೆ." ಅವಳು ಸೆರಗನ್ನು ಹೊದ್ದುಕೊಂಡಳು. "ಒಂದೇ ಸಲಕ್ಕೆ ಬಂದ್ರು ಕಣ್ರೀ."